ಎರಡನೇ ಪಿಟೀಲಿನ ಹಾಳೆಗಳು

ಮನೆಯಿಂದ,
ಶನಿವಾರ ಬೆಳಿಗ್ಗೆ

ಪ್ರೀತಿಯ ಜೀರುಂಡೆ,

ಹೇಗಿದ್ದೀ? ಕತ್ತು ನೋವು ಇಳಿಯಿತೇ? ಹೋದ ವಾರ ಫೋನಿನಲ್ಲಿ 'ಏನಿಲ್ಲಮ್ಮ, ಎಲ್ಲಾ ಸರಿಹೋಯ್ತು' ಎಂದೆಯಲ್ಲ, ಆ ದನಿಯಲ್ಲೇ ಗೊತ್ತಾಯಿತು ಏನೂ ಸರಿಹೋಗಿಲ್ಲವೆಂದು. ಪಿಟೀಲಿಗೆ ಗಲ್ಲ ಊರುವ ಕಡೆ ಹಳೇ ಹತ್ತಿಬಟ್ಟೆ ಮಡಿಸಿ ಇಟ್ಟುಕೋ, ಮಲಗುವ ಮುಂಚೆ ಬಿಸಿನೀರಿನ ಶಾಖ ಕೊಡು. ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ, ಇಲ್ಲ ಒಂದು ರಿಹರ್ಸಲ್ಲಿನಿಂದ ಇನ್ನೊಂದಕ್ಕೆ ಓಡುತ್ತಾ ಬಸ್‌ಸ್ಟಾಪಿನಲ್ಲಿ ನಿಂತು ಒಣ ಬ್ರೆಡ್ಡು ಕಡಿಯುತ್ತಿದ್ದೀಯಾ? ಬೇಕಾದರೆ ಬೇರೆ ಯಾರಿಗಾದರೂ ಸುಳ್ಳು ಹೇಳು. ಅದೇ ಬಸ್‌ಸ್ಟಾಪುಗಳಲ್ಲಿ ಅದೇ ಬ್ರೆಡ್ಡು ತಿಂದುಕೊಂಡು ನಿನ್ನನ್ನು ಹೊತ್ತವಳು ನಾನು.

ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಪ್ಪ ಊರಿನ ಪಿಯಾನೋಗಳನ್ನೆಲ್ಲ ಶ್ರುತಿ ಮಾಡಿ ಮುಗಿಸಿ ಈಗ ಮನೆಯ ಸಾಮಾನಿಗೆ ಕೈ ಹಾಕಿದ್ದಾರೆ. ಫ್ರಿಜ್ಜಿನ ಗುಂಯ್‌ಗುಡುವ ಸದ್ದು ಅರ್ಧ ಸ್ವರ ಇಳಿದಿದೆಯಂತೆ. ಅದರ ಕಾಲಿನ ಕೆಳಗೆ ರಟ್ಟು ಇಟ್ಟು, ಕಿವಿಗೊಟ್ಟು, ರಟ್ಟು ತೆಗೆದು, ಮತ್ತೆ ಇಟ್ಟು, ನಿನ್ನೆ ಅರ್ಧ ದಿನ ಕಳೆದರು. ಏನಾದರೂ ಅಂದರೆ, 'ನಿನಗೆ ಕೇಳಿಸೋದಿಲ್ಲ, ಅದಕ್ಕೇ ನಿನಗೆ ನೆಮ್ಮದಿ' ಅನ್ನುತ್ತಾರೆ. ನೆಮ್ಮದಿಯಂತೆ! ಬೆಳಗಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಇಷ್ಟು ಬರೆಯುವಷ್ಟರಲ್ಲಿ ಎರಡು ಸಲ ಎದ್ದು ಬಾಲ್ಕನಿಯ ಕುಂಡಕ್ಕೆ ನೀರು ಹಾಕಿ ಬಂದೆ, ಎರಡು ಸಲವೂ ಒಂದೇ ಕುಂಡಕ್ಕೆ. ಮಾಡಿಕೊಂಡ ಚಹಾ ಆರಿ ಕೆನೆ ಕಟ್ಟಿದೆ.

ಫೋನ್ ಬಿಟ್ಟು ಕಾಗದ ಯಾಕೆ ಎಂದು ಕೇಳುತ್ತೀ. ಫೋನಿನಲ್ಲಿ ನೀನು 'ಹೂಂ ಅಮ್ಮ, ಆಯ್ತಮ್ಮ' ಎಂದು ನನ್ನನ್ನು ಮೂರು ನಿಮಿಷದಲ್ಲಿ ಮುಗಿಸಿಬಿಡುತ್ತೀ. ನಿಮ್ಮಪ್ಪನ ಕಿವಿಯಂತೂ ಎರಡು ಗೋಡೆ ದಾಟುತ್ತದೆ. ನಾನು ಮಾತಾಡಿದ್ದಷ್ಟೇ ಅಲ್ಲ, ಮಾತಾಡದೆ ಬಿಟ್ಟದ್ದನ್ನೂ ಕೇಳಿಸಿಕೊಳ್ಳುತ್ತಾರೆ. ಜೊತೆಗೆ ಹೇಗೂ ಒಂದು ಕಟ್ಟು ಕಳಿಸಬೇಕು, ನನ್ನ ಪಾಲಿನ ಸ್ವರಹಾಳೆಗಳು. ಇವತ್ತು ಮಧ್ಯಾಹ್ನ ಅಂಚೆಯವನು ಬಂದಾಗ ಎರಡನ್ನೂ ಒಟ್ಟಿಗೆ ಕೊಟ್ಟುಬಿಡುತ್ತೇನೆ. ಕಟ್ಟನ್ನು ಆಮೇಲೆ ಬಿಚ್ಚು, ಮೊದಲು ಇದನ್ನು ಓದು.

ವಿಷಯ ಇಷ್ಟೇ. ಬರುವ ತಿಂಗಳ ಕೊನೆಯ ವಾರ ಲೈಬ್ರರಿಯ ಮೇಲಿನ ಚಿಕ್ಕ ಸಭಾಂಗಣದಲ್ಲಿ ನಮ್ಮ ನಾಲ್ವರ ಮೇಳದ ಕಾರ್ಯಕ್ರಮವಿದೆ. ನಿನಗೆ ಗೊತ್ತಿರುವ ಆ ಉದ್ದದ ಕೃತಿಯೇ, ನಿಧಾನದ ಭಾಗ ನನ್ನ ಎರಡನೇ ಪಿಟೀಲು ಒಂದರಿಂದಲೇ ಶುರುವಾಗುತ್ತದಲ್ಲ, ಅದು. ಅಷ್ಟರಲ್ಲಿ ನನ್ನ ಎಡಗೈ ಕಿರುಬೆರಳು ಮುನಿಸಿಕೊಂಡು ಕೂತಿದೆ. ಗೆಣ್ಣು ಸರಿಯಾಗಿ ಬಾಗುತ್ತಿಲ್ಲ, ತಂತಿಯ ಮೇಲೆ ಬೀಳಬೇಕಾದ ಕಡೆ ಬೀಳುತ್ತಿಲ್ಲ. ಗಾಬರಿಪಡುವಂಥದ್ದೇನೂ ಇಲ್ಲ, ವಯಸ್ಸಿಗೆ ತಕ್ಕ ಕಾಯಿಲೆ, ಅಷ್ಟರಲ್ಲಿ ಸರಿಹೋದರೂ ಹೋಯಿತು. ಆದರೆ ನಂಬಿ ಕೂರುವ ಹಾಗಿಲ್ಲವಲ್ಲ. ಅದಕ್ಕೆ ಆ ಒಂದು ಸಂಜೆಯ ಮಟ್ಟಿಗೆ ನನ್ನ ಬದಲಿಗೆ ಯಾರಾದರೂ ಕೂರಬೇಕು. ನೀನು ಬರುತ್ತೀಯಾ ಎಂದು ಕೇಳೋಣವೆಂದು ಬರೆದೆ. ಅದೇ ವಾರ ನಿನಗೆ ಆ ದೊಡ್ಡ ವಾದ್ಯವೃಂದದ ಆಯ್ಕೆ ಪರೀಕ್ಷೆ ಇದೆ ಎನ್ನುವುದನ್ನು ಮರೆತಿಲ್ಲ. ನಮ್ಮ ರಿಹರ್ಸಲ್ಲಿಗೆ ಬಂದರೆ ಅಲ್ಲಿಗೆ ಹೋಗಲಾಗುವುದಿಲ್ಲ, ಅಲ್ಲಿಗೆ ಹೋದರೆ ಇಲ್ಲಿಗೆ ಬರಲಾಗುವುದಿಲ್ಲ. ಎರಡು ದೋಣಿಯಲ್ಲಿ ಕಾಲಿಡು ಎಂದು ಯಾವ ತಾಯಿ ಹೇಳಿಯಾಳು? ನೀನು ಪರೀಕ್ಷೆಗೇ ಹೋದರೆ ನನಗೆ ಬೇಜಾರಿಲ್ಲ.

ಮೊದಲು ನಿನ್ನನ್ನು ಕರೆಯುವ ಯೋಚನೆಯೇ ನನಗಿರಲಿಲ್ಲ ಅಂತಲ್ಲ, ಬಾಯಿ ಬಿಡುವ ಧೈರ್ಯವಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಯಾರಾದರೂ ಅಂದರೆ ಏನು ಮಾಡಲಿ? ಬದಲಿಗೆ ಯಾರು ಎಂಬ ಮಾತು ಬಂದಾಗ ಯಜಮಾನರು (ನಮ್ಮ ಮೊದಲ ಪಿಟೀಲಿಗೆ ಆ ಹೆಸರಿಟ್ಟವಳು ನೀನೇ, ಆರು ವರ್ಷದವಳಿದ್ದಾಗ) ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ ಇಟ್ಟರು. 'ನೋಡೋಣ, ಒಳ್ಳೆಯವರು ಇಲ್ಲದೇ ಇಲ್ಲ, ಹಾಗಂತ ಇದ್ದಾರೆ ಅಂತಲೂ ಅಲ್ಲ' ಎಂದರು. ಹೋದ ವರ್ಷ ಎರಡು ಬಹುಮಾನ ಹೊಡೆದವನೊಬ್ಬನಿದ್ದಾನಲ್ಲ, ವೇದಿಕೆಯ ಮೇಲೆ ಕೂದಲು ಒದರುವವನು, ಅವನ ಹೆಸರು ಎತ್ತಿದರು. ನಾನು ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳಂತೆ ಕೂತಿದ್ದೆ. ಕೊನೆಗೆ ವಯೋಲಾ ಮಾಮ ತನ್ನ ದಪ್ಪ ಪಿಟೀಲನ್ನು ಮಡಿಲಲ್ಲಿಟ್ಟುಕೊಂಡು, ಕಮಾನಿನ ಕೂದಲಿಗೆ ರಾಳ ಉಜ್ಜುತ್ತಾ, ತಲೆ ಎತ್ತದೆ, 'ನಮ್ಮ ಜೀರುಂಡೆ ಇಲ್ವಾ?' ಎಂದ. ಚೆಲ್ಲೋ ಅತ್ತೆ ಕಾಲ ನಡುವೆ ನಿಲ್ಲಿಸಿದ ತನ್ನ ದೊಡ್ಡ ವಾದ್ಯದ ಮೇಲಿಂದ ನನ್ನ ಮುಖ ನೋಡಿ, ಹಾಳೆ ತಿರುವಿದಳು.

ಮಧ್ಯಾಹ್ನ

ಎದ್ದು ಹೋಗಿದ್ದೆ. ಕೆಳಗಿನ ಮನೆಯ ಚೂಟಿ ಹುಡುಗಿಗೆ ಪಾಠವಿತ್ತು. ಕಮಾನು ನೆಟ್ಟಗೆ ಎಳೆಯೇ ಎಂದರೆ, 'ಮಿಸ್, ನಿಮ್ಮ ನೆಲ ಓರೆ ಇದೆ' ಎಂದಳು. ಕುಣಿಯಲಾರದವಳು ನೆಲ ಡೊಂಕು ಅಂದದ್ದನ್ನು ಗಾದೆಯಲ್ಲಿ ಕೇಳಿದ್ದೆ, ಕಣ್ಣಾರೆ ಇವತ್ತು ಕಂಡೆ. ನಕ್ಕುಬಿಟ್ಟೆ. ನಿನ್ನ ನೆನಪಾಯಿತು. ಅಡಿಗೆಮನೆಯ ಸ್ಟೂಲಿನ ಮೇಲೆ ನಿಂತು ನೀನು ಒಂದೇ ತಂತಿಯನ್ನು ಎಳೆಯುತ್ತಿದ್ದರೆ ಎದುರುಮನೆಯವರು ಕಿಟಕಿ ಮುಚ್ಚುತ್ತಿದ್ದರು, ನಿಮ್ಮಪ್ಪ ಕಿವಿಗೆ ಹತ್ತಿ ಇಟ್ಟುಕೊಂಡು 'ಜೀರುಂಡೆ ಹೊಕ್ಕಿದೆ ಮನೆಗೆ' ಎನ್ನುತ್ತಿದ್ದರು. ಅಲ್ಲಿಂದ ಎಲ್ಲಿಗೆ ಬಂದೆ ನೀನು! ದೊಡ್ಡ ಮೇಷ್ಟ್ರ ಹತ್ತಿರ ಹೋದ ಮೊದಲ ವರ್ಷ, ನಾನು ಕಲಿಸಿದ ಕಮಾನಿನ ಹಿಡಿತವನ್ನೆಲ್ಲ ಅವರು ಬಿಚ್ಚಿ, ತಿಂಗಳುಗಟ್ಟಲೆ ಬರೀ ಖಾಲಿ ತಂತಿ ಎಳೆಸಿದಾಗ ನಾನೆಷ್ಟು ಉರಿದುಕೊಂಡಿದ್ದೆ. ರಜಕ್ಕೆ ಬಂದವಳು ನೀನು ಒಂದು ಉದ್ದದ ಸ್ವರ ಎಳೆದೆ. ಕಮಾನಿನ ಬುಡದಿಂದ ತುದಿಯವರೆಗೆ ಎಲ್ಲೂ ತೆಳ್ಳಗಾಗಲಿಲ್ಲ. ಅವತ್ತೇ ನನ್ನ ಉರಿ ಆರಿತು.

ನೀನು ಅವತ್ತು ಬಸ್ಸಿನಲ್ಲಿ ಕೂತು ಫೋನ್ ಮಾಡಿ ಅತ್ತದ್ದು ಈಚೆಗೆ ನನ್ನ ತಲೆಯಲ್ಲಿ ಸುತ್ತುತ್ತಲೇ ಇದೆ. ಬದಲಿಗೆ ಹೋದ ಕಡೆ ನೀನು, ಅವತ್ತು ಬಾರದ ಆಸಾಮಿಯ ಹಾಳೆಯ ಮೇಲೆ ಮರೆತು ಒಂದು ಪೆನ್ಸಿಲ್ ಗುರುತು ಹಾಕಿಬಿಟ್ಟೆ. ಒಂದೇ ಒಂದು ಗುರುತು, ಕಮಾನನ್ನು ಕೆಳಗೆಳೆಯುವ ಬದಲು ಮೇಲಕ್ಕೆ ದೂಡು ಎಂಬ ಗುರುತು. ಅವರು ಮತ್ತೆ ನಿನ್ನನ್ನು ಕರೆಯಲಿಲ್ಲ. ತಪ್ಪು ನಿನ್ನದೇ, ಅದರಲ್ಲಿ ಎರಡು ಮಾತಿಲ್ಲ. ಆ ಪಾಠ ಹೇಳಿಕೊಟ್ಟವಳೇ ನಾನು: ಹಾಳೆ ಕುರ್ಚಿಯ ಒಡೆಯರದ್ದು, ಎಲ್ಲಿ ಎಳೆಯಬೇಕು, ಎಲ್ಲಿ ಉಸಿರು ಬಿಡಬೇಕು, ಯಾವ ಬೆರಳು, ಯಾವಾಗ ಯಾರ ಮುಖ ನೋಡಬೇಕು, ಎಲ್ಲವನ್ನೂ ಅವರು ವರ್ಷಾನುಗಟ್ಟಲೆ ಬರೆದು ಅಳಿಸಿ ಬರೆದು ಇಟ್ಟಿರುತ್ತಾರೆ, ಬದಲಿಗೆ ಹೋದವಳು ಇದ್ದದ್ದನ್ನು ಇದ್ದ ಹಾಗೆ ನುಡಿಸಿ ಎದ್ದು ಬರಬೇಕು, ಪೆನ್ಸಿಲ್ ಮುಟ್ಟಕೂಡದು. ಆದರೆ ನೀನು ಅತ್ತದ್ದು ಕೆಲಸ ಹೋಯಿತೆಂದಲ್ಲ. 'ಎಲ್ಲಾ ಕಡೆ ನಾನು ಬದಲಿಯವಳೇ ಅಮ್ಮ. ಮದುವೆ ಹಾಲಿನಲ್ಲಿ ಬದಲಿ, ಸಾವಿನ ಮನೆಯಲ್ಲಿ ಬದಲಿ, ಸೋಪಿನ ಜಾಹೀರಾತಿನ ರೆಕಾರ್ಡಿಂಗಿನಲ್ಲೂ ಬದಲಿ. ನಾನು ಹೇಗೆ ನುಡಿಸ್ತೀನಿ ಅನ್ನೋದು ನನಗೇ ಮರೆತುಹೋಗ್ತಿದೆ' ಎಂದೆ. ನಾನು ಆಗ ಏನೋ ಸಮಾಧಾನದ ಮಾತು ಹೇಳಿದೆ, ಏನೆಂದು ನೆನಪಿಲ್ಲ, ನಿನಗೂ ಇರಲಿಕ್ಕಿಲ್ಲ.

ಆ ಪರೀಕ್ಷೆಗೆ ನೀನು ಯಾಕೆ ಹೋಗುತ್ತಿದ್ದೀ ಎಂದು ನನಗೆ ಗೊತ್ತು. ಪರದೆಯ ಹಿಂದೆ ನಿಲ್ಲಿಸುತ್ತಾರೆ, ಹಿಮ್ಮಡಿಯ ಸದ್ದಿನಿಂದ ಹೆಣ್ಣೋ ಗಂಡೋ ತಿಳಿಯಬಾರದೆಂದು ಚಪ್ಪಲಿ ಬಿಚ್ಚಿಸುತ್ತಾರೆ, ಆರಿಸಿದರೆ ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ, ಪ್ರತಿ ತಿಂಗಳೂ ಸಂಬಳ. ಕಡಿಮೆಯೇನಲ್ಲ ಅದು. ನಮ್ಮಂತೆ ಫೋನು ಗಂಟೆ ಬಾರಿಸಿದರೆ ಊಟದ ತಟ್ಟೆ ಬಿಟ್ಟು ಓಡುವುದು, ಕಪ್ಪು ಉಡುಪನ್ನು ಸದಾ ಚೀಲದಲ್ಲಿ ಮಡಿಸಿಟ್ಟುಕೊಂಡು ತಿರುಗುವುದು, ಜ್ವರವಿದ್ದರೂ 'ಇಲ್ಲ' ಅನ್ನಲು ಹೆದರುವುದು (ಒಂದು ಸಲ 'ಇಲ್ಲ' ಅಂದರೆ ಆ ನಂಬರಿನಿಂದ ಮತ್ತೆ ಕರೆ ಬರುವುದಿಲ್ಲವಲ್ಲ), ಇದೆಲ್ಲ ನಿನಗೆ ತಪ್ಪುತ್ತದೆ. ಆದರೆ ಅಲ್ಲಿಯೂ ಹಿಂದಿನ ಸಾಲಿನವಳು ಮುಂದಿನವರ ಕಮಾನು ನೋಡಿಕೊಂಡು ಎಳೆಯಬೇಕು, ಪೆನ್ಸಿಲ್ ಅಲ್ಲಿಯೂ ಮುಂದಿನವರ ಕೈಯಲ್ಲೇ. ಹೋಗಬೇಡ ಎನ್ನುತ್ತಿಲ್ಲ. ನಾನು ಹೋಗಬೇಡ ಎಂದ ಕಡೆಗೆಲ್ಲ ನೀನು ಹೋಗಿದ್ದೀ, ಆ ಅನುಭವ ನನಗೆ ಸಾಕಷ್ಟಿದೆ.

ಇರಲಿ, ಒಂದು ಮಾತು ನಿನಗೆ ಹೇಳೇ ಇಲ್ಲ. ಹೋದ ಸಲ ನೀನು ಬಂದಾಗ ನಮ್ಮ ನಡುಮನೆಯಲ್ಲಿ ರಿಹರ್ಸಲ್ ನಡೆಯುತ್ತಿತ್ತು. 'ಸ್ವಲ್ಪ ಹಿಡಿ, ಚಹಾಕ್ಕೆ ಇಟ್ಟು ಬರ್ತೀನಿ' ಎಂದು ನನ್ನ ಕುರ್ಚಿಯಲ್ಲಿ ನಿನ್ನನ್ನು ಕೂರಿಸಿ ಒಳಗೆ ಹೋದೆನಲ್ಲ, ಚಹಾ ಒಂದು ನೆಪ, ಬೆರಳು ಅವತ್ತೂ ಕೈಕೊಟ್ಟಿತ್ತು. ಒಲೆಯ ಮುಂದೆ ನಿಂತವಳಿಗೆ, ಮೇಳ ಕಟ್ಟಿದಂದಿನಿಂದ ಮೊದಲ ಸಲ, ನಮ್ಮದೇ ಮೇಳ ಹೊರಗಿನಿಂದ ಕೇಳಿಸಿತು. ಒಳಗೆ ಕೂತವರಿಗೆ ಅದು ಎಂದೂ ಕೇಳಿಸುವುದಿಲ್ಲ, ತನ್ನ ಗಲ್ಲದಡಿಯ ಸದ್ದೇ ಕಿವಿ ತುಂಬಿರುತ್ತದೆ. ನೀನು ವಿಧೇಯಳಾಗಿ ನನ್ನ ಗುರುತುಗಳನ್ನೇ ನುಡಿಸುತ್ತಿದ್ದೆ. ಬೇರೆಯವರ ಚಪ್ಪಲಿ ಹಾಕಿಕೊಂಡು ನಡೆಯುವಂತಿತ್ತು, ಎಡವುತ್ತಿರಲಿಲ್ಲ, ಆದರೆ ಹೆಜ್ಜೆ ನಿನ್ನದಾಗಿರಲಿಲ್ಲ. ಆಮೇಲೆ ನಿಧಾನದ ಭಾಗ ಬಂತು. ನಾನು ಯಾವತ್ತೂ ಕಮಾನನ್ನು ಒಮ್ಮೆ ಕೆಳಗೆಳೆದು ಒಮ್ಮೆ ಮೇಲಕ್ಕೆ ದೂಡಿ, ಎರಡು ಕಮಾನಿಗೆ ಒಡೆದು ನುಡಿಸುವ ಆ ಮೊದಲ ಸಾಲನ್ನು ನೀನು ಮರೆತೋ ಏನೋ ಒಂದೇ ಕಮಾನಿನಲ್ಲಿ ಎಳೆದುಬಿಟ್ಟೆ. ಎಳೆ ಮುಗಿಯಲೇ ಇಲ್ಲ. ನಿನ್ನ ಸ್ವರದ ಹಿಂದೆ ವಯೋಲಾ ಮಾಮ ಮೆಲ್ಲಗೆ ಬಂದ, ಅವನು ಅಷ್ಟು ಮೆಲ್ಲಗೆ ಬಂದದ್ದನ್ನು ನಾನು ಕೇಳಿಯೇ ಇರಲಿಲ್ಲ. ಚೆಲ್ಲೋ ಅತ್ತೆ ಬಂದಳು. ಯಜಮಾನರು, ಎಲ್ಲರನ್ನೂ ಎಳೆದುಕೊಂಡು ಹೋಗುವ ಯಜಮಾನರು, ನಿನಗಾಗಿ ಕಾದರು. ಹಾಲು ಉಕ್ಕಿ ಒಲೆಯೆಲ್ಲ ರಾಡಿಯಾದದ್ದು ನನ್ನ ಕಣ್ಣಿಗೆ ಬೀಳಲಿಲ್ಲ.

ಅದು ಮುಗಿದ ಕೂಡಲೇ ನೀನು ಹೇಳಿದ್ದು ಕೇಳಿಸಿತು. 'ಸಾರಿ, ಸಾರಿ, ಅಮ್ಮನ ಮಾರ್ಕು ಬೇರೆ ಇತ್ತು, ಮತ್ತೆ ತಗೊಳ್ಳೋಣ.' ಮತ್ತೆ ನುಡಿಸಿದಿರಿ, ನನ್ನ ಗುರುತಿನ ಪ್ರಕಾರ, ಎರಡು ಕಮಾನಿಗೆ ಒಡೆದು. ಸರಿಯಾಗಿಯೇ ಇತ್ತು. ನನಗೆ ಸೌಟು ಎಸೆದು ಕಿರುಚಬೇಕೆನಿಸಿತು. ಕ್ಷಮೆ ಯಾಕೆ ಕೇಳುತ್ತೀಯೇ ಮಂಕೇ, ಯಾರನ್ನು ಕೇಳುತ್ತೀ? ಹೊರಗೆ ಬಂದು ಎಲ್ಲರಿಗೂ ಚಹಾ ಕೊಟ್ಟೆ. ಹಾಲು ಚೆಲ್ಲಿದ್ದರಿಂದ ಕಪ್ಪು ಚಹಾ. ಯಜಮಾನರು ಒಂದು ಗುಟುಕು ಕುಡಿದು ಮುಖ ಹಿಂಡಿದ್ದು ನೆನಪಿದೆಯಾ?

ನಿಮ್ಮಪ್ಪನಿಗೆ ಎಲ್ಲರಿಗಿಂತ ಮೊದಲೇ ಗೊತ್ತಾಗಿತ್ತು, ಬೆರಳಿನ ವಿಷಯ. ಕಿರುಬೆರಳನ್ನು ತಪ್ಪಿಸಲು ನಾನು ಒಂದೊಂದೇ ಸಾಲಿನ ಬೆರಳು ಬದಲಾಯಿಸುತ್ತಾ ಬಂದಿದ್ದೆ, ಕೈಯನ್ನೇ ಮೇಲೆ ಕೆಳಗೆ ಜಾರಿಸಿ ಮೂರು ಬೆರಳಿನಲ್ಲಿ ಸಂಸಾರ ಸಾಗಿಸುತ್ತಿದ್ದೆ. ಯಾರಿಗೂ ತಿಳಿಯದು ಎಂದುಕೊಂಡಿದ್ದೆ. ಒಂದು ದಿನ ಮೊಟ್ಟೆ ಸುಲಿಯುತ್ತಾ, 'ನಾಲ್ಕನೇ ಬೆರಳು ಬರ್ತಾ ಇಲ್ಲ, ಅಲ್ವಾ?' ಎಂದರು. ಮೊಟ್ಟೆಗೆ ಉಪ್ಪು ಹಾಕಿ ನನ್ನ ತಟ್ಟೆಗೆ ಇಟ್ಟರು, ಅಷ್ಟೇ. ಅವತ್ತು ನಾನು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅದನ್ನೂ ಕೇಳಿಸಿಕೊಂಡಿರುತ್ತಾರೆ, ಆ ಮನುಷ್ಯನಿಂದ ಏನು ಮುಚ್ಚಿಡುವುದು?

ನೋಡು, ಬರೆಯುತ್ತಾ ಬರೆಯುತ್ತಾ ಎಲ್ಲೆಲ್ಲಿಗೋ ಹೋದೆ. ಮತ್ತೆ ಎದ್ದು ಕಿಟಕಿಯಿಂದ ಬೀದಿ ನೋಡಿ ಬಂದೆ, ಅಂಚೆಯವನ ಸೈಕಲ್ಲು ಇನ್ನೂ ಬಂದಿಲ್ಲ. ಬಂದುಬಿಡಲಿ ಅನಿಸುತ್ತದೆ, ಬಾರದಿರಲಿ ಎಂದೂ ಅನಿಸುತ್ತದೆ. ನೀನು ಬರುವುದಾದರೆ ಆ ವಾರ ಗುರುವಾರವೇ ಬಂದುಬಿಡು, ಯಜಮಾನರಿಗೆ ಕೊನೆಯ ಗಳಿಗೆಯವರನ್ನು ಕಂಡರೆ ಆಗುವುದಿಲ್ಲ. ಕಪ್ಪು ಉಡುಪಿನ ಅಂಚು ಬಿಚ್ಚಿದ್ದರೆ ಹಾಗೇ ತಾ, ನಾನು ಹೊಲಿಯುತ್ತೇನೆ. ಸೂಜಿಗೆ ಕಿರುಬೆರಳು ಬೇಕಿಲ್ಲ. ಬರದಿದ್ದರೆ ಆ ಕೂದಲು ಒದರುವವನು ಇದ್ದೇ ಇದ್ದಾನೆ, ಒಂದು ಸಂಜೆಯ ಮಾತಲ್ಲವೇ? ಪರೀಕ್ಷೆಗೆ ಹೋಗುವುದಾದರೆ ಕಾಲಿಗೆ ದಪ್ಪ ಕಾಲುಚೀಲ ಹಾಕಿಕೋ, ಬರಿಗಾಲಿನಲ್ಲಿ ತಣ್ಣನೆಯ ನೆಲದ ಮೇಲೆ ನಿಂತರೆ ನಿನಗೆ ನೆಗಡಿ ಹಿಡಿಯುತ್ತದೆ.

ಅಪ್ಪನ ಆಶೀರ್ವಾದ. ನಿನ್ನ ಪಿಟೀಲಿನ ಮೇಲಿನ ತಂತಿ ಹಳೆಯದಾಗಿದೆಯಂತೆ, ಫೋನಿನಲ್ಲೇ ಕೇಳಿಸಿತಂತೆ, ಬದಲಾಯಿಸು ಎಂದಿದ್ದಾರೆ. ವಯೋಲಾ ಮಾಮ ಮತ್ತು ಚೆಲ್ಲೋ ಅತ್ತೆ ಕೇಳಿದರೆಂದು ಹೇಳಲು ಹೇಳಿದ್ದಾರೆ. ಎಲ್ಲಿದ್ದರೂ ಬೆನ್ನು ನೆಟ್ಟಗಿರಲಿ, ಭುಜ ಸಡಿಲವಾಗಿರಲಿ. ನೂರು ವರ್ಷ ಬಾಳು ಮಗಳೇ.

ಇಂತಿ,
ನಿನ್ನ ಅಮ್ಮ

ತಾ.ಕ.: ಸೈಕಲ್ಲಿನ ಗಂಟೆ ಕೇಳಿಸಿತು, ಬೀದಿಯ ಆ ತುದಿಯಲ್ಲಿದ್ದಾನೆ. ಬೇಗ ಬೇಗ ಬರೆಯುತ್ತೇನೆ. ಕಟ್ಟು ಬಿಚ್ಚಿದರೆ ಹೇಗೂ ನಿನಗೆ ಗೊತ್ತಾಗುತ್ತದೆ. ಹಾಳೆಗಳ ಮೇಲೆ ನನ್ನ ಒಂದು ಗುರುತೂ ಇಲ್ಲ. ನಿನ್ನೆ ಸಂಜೆ ಕೂತು ಎಲ್ಲವನ್ನೂ ಅಳಿಸಿದೆ. ಬೆರಳು ಸರಿಹೋಗುವುದಿಲ್ಲ, ಗೆಣ್ಣು ಸವೆದಿದೆ, ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ. ಮೊನ್ನೆ ಗುರುವಾರ ಮೇಳದ ಮೂವರಿಗೂ ಹೇಳಿದೆ. ಯಜಮಾನರು ಜನ್ಮದಲ್ಲಿ ಮೊದಲ ಸಲ ದೀಪವನ್ನು ಗೋಡೆಯಿಂದ ಇಳಿಸಿದರು: 'ಅವಳೇ ಬರಲಿ. ಬದಲಿಗೆ ಬೇಡ, ಕುರ್ಚಿಗೇ ಬರಲಿ. ಅವತ್ತು ಆ ಸಾಲು ಎಳೆದ ಹಾಗೇ ಎಳೀಲಿ.' ಚೆಲ್ಲೋ ಅತ್ತೆ ತನ್ನ ರಬ್ಬರು ತೆಗೆದು ನನ್ನ ಕೈಗಿಟ್ಟಳು. ನಮ್ಮಲ್ಲಿ ತಿಂಗಳ ಸಂಬಳವಿಲ್ಲ, ಅದು ನಿನಗೆ ಗೊತ್ತೇ ಇದೆ, ಯೋಚಿಸಿ ನೋಡು. ಒಂದು ಸಂಜೆಯ ಮಾತು ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಿಕೋ. ಹಾಗೆ ಬರೆಯದಿದ್ದರೆ ಕೈ ಮುಂದೆ ಸಾಗುತ್ತಲೇ ಇರಲಿಲ್ಲ. ಬೇಜಾರಿಲ್ಲ ಎಂದದ್ದೂ ಸುಳ್ಳು, ಆಗುತ್ತದೆ, ಆದರೆ ಅದು ನನ್ನ ಬೇಜಾರು, ನಾನು ನೋಡಿಕೊಳ್ಳುತ್ತೇನೆ. ನಿಧಾನದ ಭಾಗದ ಮೊದಲ ಸಾಲಿನಲ್ಲಿ ಮಾತ್ರ ಎಷ್ಟು ತಿಕ್ಕಿದರೂ ನನ್ನ ಗುರುತಿನ ತಗ್ಗು ಹೋಗಲಿಲ್ಲ, ಹಾಳೆ ಓರೆ ಮಾಡಿದರೆ ಕಾಣುತ್ತದೆ. ನೀನು ಅದರ ಮೇಲೆಯೇ ಬರಿ. ಬಂದ, ಬಾಗಿಲ ಹತ್ತಿರ ಬಂದ. ಬರುವುದಾದರೆ ಪೆನ್ಸಿಲ್ ತಗೊಂಡು ಬಾ.